ಟೊರೆಂಟ್ 100% ಆದ ಮೇಲೂ ಡೇಟಾ ಖಾಲಿಯಾಗ್ತಿದೆ, ಯಾಕೆ?

ಹಳೇ_ಡಬ್ಬ:
ನಮಸ್ಕಾರ. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಹಾಕೋ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕೋಣ ಅಂತ ಅವರದೇ ಸೈಟಿನಿಂದ ಟೊರೆಂಟ್ ತೆಗೆದುಕೊಂಡೆ. ಟೊರೆಂಟ್ ಇಳಿಸೋ ಕ್ಯೂಬಿಟ್‌ಟೊರೆಂಟ್ ಪ್ರೋಗ್ರಾಂನಲ್ಲಿ ರಾತ್ರಿಯೇ 100% ಆಗಿತ್ತು. ಇಂಟು ಗುರುತು ಒತ್ತಿ ಮಲಗಿದೆ. ಬೆಳಗ್ಗೆ ನೋಡಿದರೆ ನಿನ್ನೆ ತಾನೇ ಹಾಕಿಸಿದ 12 ಜಿಬಿ ಪ್ಯಾಕ್ ಖಾಲಿ! ಅಪ್‌ಲೋಡ್ ಲಿಮಿಟ್ 0 ಅಂತ ಬೇರೆ ಹಾಕಿದ್ದೆ. ವೈರಸ್ಸಾ?

ಸೀಡ್_ಬಿತ್ತೋನು:
ವೈರಸ್ ಅಲ್ಲ, ಸೀಡಿಂಗ್. ಅಂದರೆ ಇಳಿಸಿಕೊಂಡ ಫೈಲನ್ನು ಬೇರೆಯವರಿಗೆ ಹಂಚೋದು. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವವನೇ ಹಂಚುವವನೂ ಹೌದು. ಇಳಿಯುವಾಗಲೂ ಹಂಚುತ್ತದೆ, ಮುಗಿದ ಮೇಲೂ ಹಂಚುತ್ತಾ ಇರುತ್ತದೆ. ಇಂಟು ಒತ್ತಿದರೆ ಅದು ಹೋಗಿ ಗಡಿಯಾರದ ಪಕ್ಕ ಕೂರುತ್ತದೆ. ಅಲ್ಲಿ ರೈಟ್ ಕ್ಲಿಕ್ ಮಾಡಿ ಎಕ್ಸಿಟ್ ಕೊಡಬೇಕು.

ಇನ್ನು ಆ 0. ಇಲ್ಲಿ 0 ಅಂದರೆ ಬಂದ್ ಅಲ್ಲ, ಲಿಮಿಟ್ಟೇ ಇಲ್ಲ ಅಂತ! ಆ ಜಾಗದಲ್ಲಿ ∞ ಬಂದಿರುತ್ತದೆ, ನೋಡಿ. ನಾನೂ ಮೊದಲು ಇದೇ ಹಳ್ಳಕ್ಕೆ ಬಿದ್ದಿದ್ದೆ. ಅಲ್ಲಿ 20 (ಸೆಕೆಂಡಿಗೆ ಕೆಬಿ ಲೆಕ್ಕದಲ್ಲಿ) ಅಂತ ಹಾಕಿ. ಆಪ್ಷನ್ಸ್‌ನ ಬಿಟ್‌ಟೊರೆಂಟ್ ಪುಟದಲ್ಲಿ ಸೀಡಿಂಗ್ ರೇಶಿಯೋ (ಇಳಿಸಿದ್ದಕ್ಕೆ ಹಂಚಿದ್ದರ ಅನುಪಾತ) 1 ಮಾಡಿ. ತಗೊಂಡಷ್ಟು ಕೊಟ್ಟು ನಿಲ್ಲುತ್ತದೆ.

ಅಂದಹಾಗೆ, ಪಟ್ಟಿಯಲ್ಲಿ ಮಿಂಟ್ ಒಂದೇ ಇದೆಯಾ?

ಹಳೇ_ಡಬ್ಬ:
ಇಲ್ಲ ಸರ್... ತಮ್ಮ ಹಾಕಿದ ಒಂದು ಹೊಸ ಸಿನಿಮಾ ಇದೆ. ಅಪ್‌ಲೋಡ್ ಕಾಲಮ್ಮಿನಲ್ಲಿ ಮಿಂಟ್ 300 ಎಂಬಿ, ಅದು 5 ಜಿಬಿ. ಜೊತೆಗೆ ಒಂದು 'ಪ್ಲೇಯರ್' ಕೂಡ ಬಂದಿದೆ. ವಿಪಿಎನ್ (ನೆಟ್‌ನಲ್ಲಿ ನಮ್ಮ ಗುರುತು ಮರೆಮಾಡೋ ಸೇವೆ) ಹಾಕಿದರೆ ಏನೂ ಆಗಲ್ಲ ಅಂತಾನೆ ತಮ್ಮ.

ಸೀಡ್_ಬಿತ್ತೋನು:
ಸಿಕ್ತಲ್ಲ ಕಳ್ಳ! ಮಿಂಟ್ ಹಂಚಿದರೆ ಮಿಂಟ್‌ನವರೇ ಖುಷಿಪಡುತ್ತಾರೆ. ಸಿನಿಮಾ ಹಾಗಲ್ಲ. ಸುಮ್ನೆ ನೋಡೋಕೆ ಇಳಿಸಿಕೊಂಡೆ ಅನ್ನೋ ಹಾಗೂ ಇಲ್ಲ, 5 ಜಿಬಿ ಊರಿಗೆಲ್ಲ ಹಂಚಿ ಆಗಿದೆ. ಪೀರ್ಸ್ (ಅದೇ ಫೈಲ್ ಹಂಚಿಕೊಳ್ಳುತ್ತಿರುವವರ) ಟ್ಯಾಬ್ ತೆಗೆಯಿರಿ. ಐಪಿ ಅಡ್ರೆಸ್‌ಗಳು (ಅವರವರ ನೆಟ್ ಕನೆಕ್ಷನ್ನಿನ ವಿಳಾಸ) ಸಾಲಾಗಿ ಕಾಣುತ್ತವೆ ಅಲ್ವಾ? ಅವರಿಗೆ ನಿಮ್ಮದೂ ಹಾಗೇ ಕಾಣುತ್ತದೆ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ದುಡ್ಡಿಗಾಗಿ ಮಾಡಿದ್ದಲ್ಲ ಅಂದರೆ ಕೋರ್ಟ್ ಕಡಿಮೆ ಮಾಡಬಹುದು, ಅಷ್ಟೆ. ವಿಪಿಎನ್ ನಿಮ್ಮ ಐಪಿ ಮುಚ್ಚಬಹುದು, ತಪ್ಪನ್ನು ಸರಿ ಮಾಡಲ್ಲ. ರಿಮೂವ್ ಮಾಡುವಾಗ ಫೈಲ್ ಸಮೇತ ಅಳಿಸುವ ಟಿಕ್ ಮರೆಯಬೇಡಿ.

ಬೈಟು_ಕಾಫಿ:
ನಡುವೆ ಬಾಯಿ ಹಾಕ್ತಿದ್ದೀನಿ. ಆ 'ಪ್ಲೇಯರ್' ಮುಟ್ಟಬೇಡಿ! ವಿಂಡೋಸ್ ಫೈಲ್ ಹೆಸರಿನ ಬಾಲ (ಎಕ್ಸ್‌ಟೆನ್ಷನ್, ಯಾವ ಬಗೆಯ ಫೈಲ್ ಅಂತ ಹೇಳೋ ಅಕ್ಷರಗಳು) ಮುಚ್ಚಿಡುತ್ತದೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡಿ. ಕೊನೆಗೆ ಇಎಕ್ಸ್‌ಇ ಇದ್ದರೆ ಅದು ಪ್ರೋಗ್ರಾಂ. ಸಿನಿಮಾ ನೋಡೋಕೆ ಅದ್ಯಾಕೆ ಬೇಕು? ಯಾರಾದರೂ ಈಗಾಗಲೇ ಓಡಿಸಿದ್ದರೆ ವಿಂಡೋಸ್‌ನ ವೈರಸ್ ತಡೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಮಷಿನ್ನಿಂದ ಬದಲಾಯಿಸಿ.

ಹಳೇ_ಡಬ್ಬ:
ಓಡಿಸಿಲ್ಲವಂತೆ. ಬಾಲ ನೋಡಿದೆ, ಇಎಕ್ಸ್‌ಇನೇ. ಎಲ್ಲ ಅಳಿಸಿದೆ, ತಮ್ಮ ಮುನಿಸಿಕೊಂಡಿದ್ದಾನೆ. ಮಿಂಟ್ ರೇಶಿಯೋ ಇನ್ನೂ 0.1. ಆಫೀಸ್ ವೈಫೈನಲ್ಲಿ 1 ಮುಟ್ಟಿಸಿಬಿಡಲಾ?

ಸೀಡ್_ಬಿತ್ತೋನು:
ಐಟಿಯವರನ್ನು ಕೇಳಿ ಮಾಡಿ ಮಾರಾಯ್ರೆ. ಇಲ್ಲಾಂದ್ರೆ ನಾಳೆ ಇನ್ನೊಂದು ಪೋಸ್ಟ್ ಹಾಕ್ತೀರಿ.