ಸ್ಪ್ಯಾನಿಷ್: ‘ನಾಳೆ ಮಾತಾಡ್ತೀನಿ’ ಅಂತ ಬರೆದರೆ ‘ಮಾತಾಡಿದೆ’ ಅಂತಾಗುತ್ತಿದೆ

ಪ್ರಶ್ನೆ: ‘ಅಬ್ಲಾರ್’ (ಮಾತಾಡು) ಕ್ರಿಯಾಪದದ ಕೊನೆಯ ‘ಆರ್’ ತೆಗೆದು, ಭವಿಷ್ಯತ್ತಿನ ಪ್ರತ್ಯಯ ‘ಏ’ ಹಚ್ಚಿ ‘ಮಞಾನ ಅಬ್ಲೇ’ ಎಂದು ಬರೆದೆ. ಇದು ಭೂತಕಾಲ ಎಂದು ತಿದ್ದಿದ್ದಾರೆ. ಸ್ಪೆಲ್‌ಚೆಕ್ ಕೆಂಪು ಗೆರೆ ತೋರಿಸಲಿಲ್ಲ. ಪ್ರತ್ಯಯದ ಪಟ್ಟಿಯಂತೂ ಸರಿಯಾಗೇ ಇದೆ. ತಪ್ಪೆಲ್ಲಿ?

ಉತ್ತರ 1: ಪಟ್ಟಿ ಸರಿ, ಕತ್ತರಿ ತಪ್ಪು. ವರ್ತಮಾನಕ್ಕೆ, ಭೂತಕ್ಕೆ ಆರ್/ಏರ್/ಈರ್ ಕತ್ತರಿಸಬೇಕು. ಭವಿಷ್ಯತ್ತಿಗೆ ಏನನ್ನೂ ಕತ್ತರಿಸಬೇಡಿ, ಇಡೀ ಮೂಲರೂಪಕ್ಕೇ ಪ್ರತ್ಯಯ ಹಚ್ಚಿ. (ಕೆಳಗೆ ದೀರ್ಘ ಇರುವಲ್ಲಿ ಒತ್ತು ಕೊಟ್ಟು ಓದಿ.)

ನಾನು: ಅಬ್ಲರೇ
ನೀನು: ಅಬ್ಲರಾಸ್
ಅವನು, ಅವಳು, ಗೌರವದ ‘ನೀವು’: ಅಬ್ಲರಾ
ನಾವು: ಅಬ್ಲರೇಮೊಸ್
ನೀವೆಲ್ಲ (ಸ್ಪೇನ್‌ನಲ್ಲಿ): ಅಬ್ಲರೇಯ್ಸ್
ಅವರು, ಲ್ಯಾಟಿನ್ ಅಮೆರಿಕದ ‘ನೀವೆಲ್ಲ’: ಅಬ್ಲರಾನ್

ಏರ್, ಈರ್ ಗುಂಪಿಗೂ ಇವೇ ಆರು: ಕೊಮೆರೇ (ತಿನ್ನುವೆ), ಬಿಬಿರೇ (ಬಾಳುವೆ).

ಇದಕ್ಕೆ ಕಾರಣ ಹಳೆಯದು. ಈ ಪ್ರತ್ಯಯಗಳು ‘ಅಬೇರ್’ ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪಗಳು: ಏ, ಆಸ್, ಆ, ಏಮೊಸ್, ಆನ್. ನಾವು ‘ನಾಳೆ ಹೋಗೋದಿದೆ’ ಅನ್ನುವಾಗ ‘ಇದೆ’ ಸೇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಸೇರಿದ್ದು ಇಡೀ ಪದಕ್ಕೆ, ಹಾಗಾಗಿ ‘ರ್’ ಉಳಿಯಿತು.

ಸ್ಪೆಲ್‌ಚೆಕ್ ಸುಮ್ಮನಿದ್ದದ್ದು ಏಕೆಂದರೆ ಕತ್ತರಿಸಿದಾಗ ಹುಟ್ಟುವುದೂ ನಿಜವಾದ ಪದಗಳೇ. ಅಬ್ಲೇ ಎಂದರೆ ಮಾತಾಡಿದೆ, ಅಬ್ಲೇಮೊಸ್ ಎಂದರೆ ಮಾತಾಡೋಣ, ಕೊಮೇಮೊಸ್ ಎಂದರೆ ತಿನ್ನುತ್ತೇವೆ. ಬರೆದಾದ ಮೇಲೆ ಪ್ರತ್ಯಯದ ಹಿಂದೆ ‘ರ್’ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದು ಭವಿಷ್ಯತ್ತಲ್ಲ.

ಉತ್ತರ 2: ಮುಂದಿನ ತಪ್ಪು ಸ್ವರದ ಮೇಲಿನ ಓರೆಗೆರೆಯದು. ಆರರಲ್ಲಿ ಐದಕ್ಕೆ ಅದು ಬೇಕೇ ಬೇಕು. ‘ನಾವು’ ರೂಪಕ್ಕೆ ಮಾತ್ರ ಬೇಡ. ಸ್ವರ, ನ್ ಅಥವಾ ಸ್‌ನಿಂದ ಮುಗಿಯುವ ಪದಕ್ಕೆ ಸಹಜವಾಗಿ ಕೊನೆಯಿಂದ ಎರಡನೇ ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಅಬ್ಲರೇಮೊಸ್‌ನಲ್ಲಿ ಅದು ತಾನಾಗೇ ಸರಿಯಿದೆ. ಉಳಿದವುಗಳಲ್ಲಿ ಒತ್ತು ಕೊನೆಗೆ ಬರಬೇಕಾದ್ದರಿಂದ ಗೆರೆ ಎಳೆದು ತೋರಿಸಬೇಕು. ಗೆರೆ ಬಿಟ್ಟರೆ ‘ಅಬ್ಲರಾ’ ಹೋಗಿ ‘ಅಬ್ಲಾರ’ ಆಗುತ್ತದೆ. ಅದು ‘ಮಾತಾಡಿದ್ದರೆ’ ಥರದ ವಾಕ್ಯಗಳಲ್ಲಿ ಬರುವ ಬೇರೆಯೇ ರೂಪ. ಕನ್ನಡದ ಕಿವಿಗೆ ಒತ್ತಿನ ವ್ಯತ್ಯಾಸ ಸುಲಭಕ್ಕೆ ಕೇಳಿಸುವುದಿಲ್ಲ, ಜೋರಾಗಿ ಹೇಳಿಕೊಂಡೇ ಕಲಿಯಿರಿ.

ಮೊಬೈಲ್‌ನಲ್ಲಿ ಸ್ವರದ ಕೀಲಿ ಒತ್ತಿ ಹಿಡಿದರೆ ಗೆರೆ ಸಿಗುತ್ತದೆ. ವಿಂಡೋಸ್‌ನಲ್ಲಿ ‘ಯುಎಸ್ ಇಂಟರ್‌ನ್ಯಾಷನಲ್’ ಕೀಬೋರ್ಡ್ ಹಾಕಿ, ಮೊದಲು ಅಪಾಸ್ಟ್ರಫಿ, ಆಮೇಲೆ ಸ್ವರ.

ತೆನೇರ್, ಪೊನೇರ್, ಅಸೇರ್ ಮುಂತಾದವಕ್ಕೆ ಈ ಲೆಕ್ಕ ಪೂರ್ತಿ ಹೊಂದದು: ತೆಂದ್ರೇ, ಪೊಂದ್ರೇ, ಅರೇ. ಕೆಡುವುದು ಬುಡ ಮಾತ್ರ, ಪ್ರತ್ಯಯ ಅವೇ.

ಪ್ರಶ್ನೆ ಕೇಳಿದವರು: ಸರಿಹೋಯಿತು, ಧನ್ಯವಾದ. ಇನ್ನೊಂದು: ‘ದೋಂದೆ ಎಸ್ತರಾ ಹ್ವಾನ್?’ ಎಂಬ ವಾಕ್ಯದಲ್ಲಿ ನಾಳೆಯ ಸುದ್ದಿಯೇ ಇಲ್ಲ. ಭವಿಷ್ಯತ್ತು ಯಾಕೆ?

ಉತ್ತರ 1: ಅದು ಊಹೆ. ‘ಹ್ವಾನ್ ಎಲ್ಲಿದ್ದಾನೋ’ ಎಂದಷ್ಟೇ ಅರ್ಥ. ‘ಸೆರಾನ್ ಲಾಸ್ ತ್ರೇಸ್’ ಅಂದರೂ ‘ಮೂರು ಗಂಟೆ ಆಗಿದ್ದೀತು’. ನಮ್ಮ ವ್ಯಾಕರಣದ ಸಂಭಾವನಾರ್ಥಕದ ಕೆಲಸವನ್ನು ಅವರು ಈ ರೂಪದಿಂದಲೇ ಮಾಡಿಸುತ್ತಾರೆ. ಮಾಡಲಿರುವ ಕೆಲಸ ಹೇಳಲು ಆಡುಮಾತಿನಲ್ಲಿ, ಅದರಲ್ಲೂ ಲ್ಯಾಟಿನ್ ಅಮೆರಿಕದಲ್ಲಿ, ‘ಬೋಯ್ ಅ ಅಬ್ಲಾರ್’ ಹೆಚ್ಚು ಕೇಳಿಸುತ್ತದೆ. ಅಲ್ಲಿಯೂ ‘ಅಬ್ಲಾರ್’ ಕತ್ತರಿಸುವಂತಿಲ್ಲ.