ಫೆಲಿಕ್ಸ್ ನಾಯ್‌ರಾಯ್ಟರ್: 13 ಗೆಲುವು ದೊಡ್ಡದಾ, ಸಿಗದ ಒಲಿಂಪಿಕ್ ಪದಕ ದೊಡ್ಡದಾ?

ಬಿಳಿಬೆಟ್ಟ: ಹಿಮದ ಇಳಿಜಾರಿನಲ್ಲಿ ನಡೆಯುವ ಆಲ್ಪೈನ್ ಸ್ಕೀ ವಿಶ್ವಕಪ್‌ನಲ್ಲಿ 13 ರೇಸ್ ಗೆದ್ದವನು ಫೆಲಿಕ್ಸ್. ಜರ್ಮನಿಯ ಬೇರೆ ಯಾವ ಗಂಡಸೂ ಇಷ್ಟು ಗೆದ್ದಿಲ್ಲ. ಅದರಲ್ಲಿ 11 ಸ್ಲಾಲಮ್, ಅಂದರೆ ಹತ್ತಿರ ಹತ್ತಿರ ನೆಟ್ಟ ಗೇಟುಗಳ (ಕಂಬಗಳ) ನಡುವೆ ತಿರುಗುತ್ತ ಇಳಿಯುವ ರೇಸ್. ಅವನೇ ಶ್ರೇಷ್ಠ, ಮಾತೇ ಇಲ್ಲ.

ಗೇಟ್‌ಕಾವಲು: ಮಾತು ಇದೆ. ಜರ್ಮನಿಯವರೇ ಇನ್ನಿಬ್ಬರನ್ನು ನೋಡಿ. ವಾಸ್‌ಮಾಯರ್ ಗೆದ್ದದ್ದು 9, ಆದರೆ 1994ರಲ್ಲಿ ಎರಡು ಒಲಿಂಪಿಕ್ ಚಿನ್ನ ತಂದ. ಬಿಟ್ನರ್ ಎರಡು ಸಲ, ಇಡೀ ಋತುವಿನ ಅಂಕ ಕೂಡಿಸಿ ಕೊಡುವ ಸ್ಲಾಲಮ್ ವಿಶ್ವಕಪ್ ಟ್ರೋಫಿ ಎತ್ತಿದ. ಫೆಲಿಕ್ಸ್‌ಗೆ ಎರಡೂ ಇಲ್ಲ. ಅಲ್ಲದೆ, 11 ಸ್ಲಾಲಮ್, ಅಡೆಲ್‌ಬೋಡೆನ್‌ನ ಒಂದು ಜೈಂಟ್ ಸ್ಲಾಲಮ್ (ಗೇಟುಗಳು ದೂರ ದೂರ ಇರುವ ರೇಸ್). 12 ಆಯ್ತು. ಇನ್ನೊಂದು ಯಾವುದು?

ಬಿಳಿಬೆಟ್ಟ: ಮ್ಯೂನಿಕ್‌ನ ಪ್ಯಾರಲಲ್ ರೇಸ್, 2013ರ ಜನವರಿ 1. ಫೈನಲ್‌ನಲ್ಲಿ ಸೋತದ್ದು ಆಸ್ಟ್ರಿಯಾದ ಚಾಂಪಿಯನ್ ಹಿರ್ಷರ್!

ಗೇಟ್‌ಕಾವಲು: ಪಾರ್ಕಿನ ಗುಡ್ಡದ ಮೇಲೆ ಅಕ್ಕಪಕ್ಕ ಇಬ್ಬರು ಇಳಿಯೋದು ರೇಸಾ?

ಮ್ಯೂನಿಕ್_ಮನೆ: "ಪಾರ್ಕಿನ ಗುಡ್ಡ" ಅಂತ ಹೀಗಳೆಯಬೇಡಿ. ನಾನು ಇದೇ ಊರಲ್ಲಿರುವವಳು. ಯುದ್ಧದಲ್ಲಿ ಉರುಳಿದ ಮನೆಗಳ ಅವಶೇಷ ಸುರಿದು ಆದ ಗುಡ್ಡ ಅದು. ಗೆದ್ದವನಿಗೆ ವಿಶ್ವಕಪ್ ಅಂಕ ಸಿಕ್ಕಿದೆ.

ಗೇಟ್‌ಕಾವಲು: ಗುಡ್ಡದ ಚರಿತ್ರೆ ಯಾರು ಕೇಳಿದರು? ನಿಜವಾದ ಸ್ಲಾಲಮ್‌ನಲ್ಲಿ ಎರಡು ರನ್. ಎರಡನೆಯದಕ್ಕೆ ಗೇಟುಗಳನ್ನು ಹೊಸದಾಗಿ ನೆಡುತ್ತಾರೆ. ಆ ಒತ್ತಡ ಇಲ್ಲಿ ಎಲ್ಲಿದೆ?

ಮ್ಯೂನಿಕ್_ಮನೆ: ಪಕ್ಕದಲ್ಲೇ ಹಿರ್ಷರ್ ಇಳಿಯುತ್ತಿದ್ದರೆ ಒತ್ತಡ ಇರಲ್ವಾ?

ಮಂಡಿನೋವು: ಒತ್ತಡ ಬಿಡಿ, ಅದೃಷ್ಟ ನೋಡಿ. 2014ರಲ್ಲಿ ಸೋಚಿ ಒಲಿಂಪಿಕ್ಸಿಗೆ ಹೊರಟಾಗ ಏರ್‌ಪೋರ್ಟ್ ದಾರಿಯಲ್ಲಿ ಕಾರು ಅಪಘಾತ, ಕುತ್ತಿಗೆಗೆ ಪೆಟ್ಟು. ಆದರೂ ಜೈಂಟ್ ಸ್ಲಾಲಮ್‌ನಲ್ಲಿ 8ನೇ ಸ್ಥಾನ. 2017ರ ನವೆಂಬರ್‌ನಲ್ಲಿ ಲೆವಿಯಲ್ಲಿ ಗೆದ್ದ. ಅದೇ ತಿಂಗಳು ಪ್ರಾಕ್ಟೀಸ್‌ನಲ್ಲಿ ಎಡ ಮಂಡಿಯ ಲಿಗಮೆಂಟ್ ಹರಿದು ಮುಂದಿನ ಒಲಿಂಪಿಕ್ಸೂ ತಪ್ಪಿತು.

ಗೇಟ್‌ಕಾವಲು: ಅದೃಷ್ಟವಂತೆ! 2015ರಲ್ಲಿ ಮೆರಿಬೆಲ್‌ನ ಕೊನೇ ರೇಸಿಗೆ ಸ್ಲಾಲಮ್ ಪಟ್ಟಿಯಲ್ಲಿ ಮುಂದಿದ್ದವನು ಇವನೇ. ಟ್ರೋಫಿ ಒಯ್ದದ್ದು ಹಿರ್ಷರ್. ಅವತ್ತು ಯಾವ ಕಾರು ಗುದ್ದಿತ್ತು?

ಬಿಳಿಬೆಟ್ಟ: ಅಪಘಾತದ ವಿಷಯದಲ್ಲಿ ಹೀಗೆ ಮಾತಾಡೋದಾ? ನಾಚಿಕೆ ಆಗಬೇಕು ನಿಮಗೆ. ವಿಶ್ವ ಚಾಂಪಿಯನ್‌ಶಿಪ್ ಸ್ಲಾಲಮ್‌ನಲ್ಲಿ ಶ್ಲಾಡ್‌ಮಿಂಗ್‌ನ ಬೆಳ್ಳಿ, ವೇಲ್ ಮತ್ತು ಸೇಂಟ್ ಮೊರಿಟ್ಸ್‌ನ ಕಂಚು. ಇವು ಕಣ್ಣಿಗೆ ಬೀಳಲ್ವಾ?

ಗೇಟ್‌ಕಾವಲು: ಬೀಳುತ್ತೆ. ಮೂರರಲ್ಲಿ ಒಂದೂ ಚಿನ್ನ ಅಲ್ಲ.

ಮಂಡಿನೋವು: ಚಿನ್ನ ಬೇಕಾ? 2005ರಲ್ಲಿ ಬೊರ್ಮಿಯೋದಲ್ಲಿ ತಂಡದ ಚಿನ್ನ ಇದೆ.

ಗೇಟ್‌ಕಾವಲು: ತಂಡದ್ದು ಅಂತ ನೀವೇ ಹೇಳಿದಿರಿ.

ಮಂಡಿನೋವು: ಸರಿ, ಮ್ಯೂನಿಕ್ ಬಿಟ್ಟುಬಿಡೋಣ. 12 ಕೂಡ 9ಕ್ಕಿಂತ ಜಾಸ್ತಿ ತಾನೇ?

ಗೇಟ್‌ಕಾವಲು: 12 ಅಂತ ಬಂತಲ್ಲ ನಿಮ್ಮ ಬಾಯಲ್ಲಿ. ಸಾಕು.

ಮ್ಯೂನಿಕ್_ಮನೆ: ನನ್ನ ಬಾಯಲ್ಲಿ ಬಂದಿಲ್ಲ. 13.