ಪದಚರ್ಚೆ: ‘ಸ್ಟೇಬಲ್ ಆಂಜೈನಾ’ಗೆ ‘ಸ್ಥಿರ’ ಸರಿಯೇ? (ಇವತ್ತೇ ಬೇಕು)

ವಿ.ಎಸ್.:
ಎಲ್ಲರಿಗೂ ನಮಸ್ಕಾರ. ಹೃದಯದ ಕಾಯಿಲೆ ಇರುವವರಿಗೆ ಕೊಡುವ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

‘ಸ್ಟೇಬಲ್ ಆಂಜೈನಾ’ಗೆ (ಆಂಜೈನಾ ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ‘ಸ್ಥಿರ ಎದೆಶೂಲೆ’ ಅಂತ ಬರೆದೆ. ‘ಪರ್ಸಿಸ್ಟೆಂಟ್ ಸಿಂಪ್ಟಮ್ಸ್’ಗೆ ‘ಮುಂದುವರಿದ ಲಕ್ಷಣಗಳು’ ಅಂದರೆ ಕಾಯಿಲೆ ಕೈಮೀರಿದೆ ಅಂತ ಓದುವವರು ಗಾಬರಿಯಾಗಲ್ವಾ? ‘ಕಾಂಬಿನೇಶನ್’ಗೆ ಸದ್ಯಕ್ಕೆ ‘ಔಷಧಗಳನ್ನು ಬೆರೆಸಿ ಕೊಡುವುದು’ ಅಂತಿದೆ. ವಾಕ್ಯದ ತಿರುಳು ಇಷ್ಟು: ಬೀಟಾ ಬ್ಲಾಕರ್ (ಹೃದಯದ ಬಡಿತ ತಗ್ಗಿಸುವ ಮಾತ್ರೆ) ಒಂದರಿಂದಲೇ ನೋವು ಹತೋಟಿಗೆ ಬರದಿದ್ದರೆ ಅದರ ಜೊತೆ ಅಮ್ಲೋಡಿಪಿನ್ ತರಹದ ಇನ್ನೊಂದು ಮಾತ್ರೆಯನ್ನು ವೈದ್ಯರು ಸೇರಿಸಬಹುದು.

ಗ.ನಾ.:
‘ಎದೆಶೂಲೆ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ವ್ಯಾಕರಣಕಾರ ಕೇಶಿರಾಜ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ‘ಹೃಚ್ಛೂಲ’ ಎನ್ನಿ, ಇಲ್ಲವೇ ‘ಎದೆನೋವು’ ಎನ್ನಿ. ಅರ್ಧ ದಾರಿಯಲ್ಲಿ ನಿಲ್ಲಬೇಡಿ.

ತಿ.ರಾ.:
‘ಆಂಜೈನಾ’ ನಮ್ಮ ‘ಅಂಜು’ವಿನದೇ ರೂಪ ಎಂದು ಹಿಂದೆಯೂ ಇಲ್ಲಿ ಬರೆದಿದ್ದೆ. ಎದೆ ಹಿಡಿದಾಗ ಮನುಷ್ಯ ಅಂಜುತ್ತಾನೆ. ‘ಅಂಜುನೋವು’ ಎನ್ನಲು ಏನಡ್ಡಿ?

ಎಂ.ಕೆ.:
ಆಗ ಕೊಟ್ಟ ಉತ್ತರವನ್ನೇ ಮತ್ತೆ ಕೊಡುತ್ತೇನೆ: ಅಲ್ಲ. ಮೂಲ ಲ್ಯಾಟಿನ್ನಿನ ‘ಅಂಗೆರೆ’. ಹಿಸುಕು, ಬಿಗಿ ಅಂತ ಅರ್ಥ. ಸಂಸ್ಕೃತದ ‘ಅಂಹಸ್’ ಬೇಕಾದರೆ ಅದರ ದಾಯಾದಿ. ‘ಅಂಜು’ ದ್ರಾವಿಡ ಧಾತು, ತಮಿಳಿನಲ್ಲೂ ಇದೆ. ದನಿ ಹೋಲಿದ ಮಾತ್ರಕ್ಕೆ ನೆಂಟಸ್ತನ ಹುಟ್ಟಲ್ಲ. ವಿಲಿಯಂ ಹೆಬರ್ಡನ್ 1768ರಲ್ಲಿ ಲಂಡನ್ನಿನಲ್ಲಿ ಈ ಕಾಯಿಲೆಯನ್ನು ಬಣ್ಣಿಸಿ ಹೆಸರಿಟ್ಟಾಗ ಕಾರಣವನ್ನೂ ಹೇಳಿದ್ದಾನೆ, ಕತ್ತು ಹಿಸುಕಿದಂಥ ಅನುಭವ ಅಂತ. ಆದ್ದರಿಂದ ‘ಎದೆಬಿಗಿತ’.

ತಿ.ರಾ.:
ಅದೇ ವಾಕ್ಯದಲ್ಲಿ ಆತ ಕಳವಳವನ್ನೂ ಹೇಳಿದ್ದಾನೆ. ಅದನ್ನು ಮಾತ್ರ ಸುಮ್ನೆ ಬಿಟ್ಟಿರಿ.

ಡಾ. ಪ.:
ಬೇರನ್ನು ಆಮೇಲೆ ಅಗೆಯಿರಿ. ಮೇಡಂ, ‘ಸ್ಥಿರ’ ತೆಗೆಯಿರಿ.

ಸ್ಟೇಬಲ್ ಅಂದರೆ ನೋವು ಬಿಡದೆ ಇರುತ್ತದೆ ಅಂತಲ್ಲ. ನೋವಿನ ಚಾಳಿ ಬದಲಾಗಿಲ್ಲ ಅಂತ. ಇಷ್ಟು ಮೆಟ್ಟಿಲು ಹತ್ತಿದರೆ ಹಿಡಿಯುತ್ತದೆ, ಕೂತರೆ ಕೆಲವು ನಿಮಿಷದಲ್ಲಿ ಬಿಡುತ್ತದೆ, ನಾಲಿಗೆ ಕೆಳಗಿನ ಮಾತ್ರೆಗೂ ಬಿಡುತ್ತದೆ. ಹೋದ ತಿಂಗಳೂ ಹೀಗೇ, ಈ ತಿಂಗಳೂ ಹೀಗೇ. ‘ಸ್ಥಿರ ಎದೆನೋವು’ ಅಂತ ಓದಿದವರು ‘ಬಿಡದೆ ನಿಂತಿರುವ ನೋವು’ ಅಂದುಕೊಳ್ಳುತ್ತಾರೆ. ಆದರೆ ಕೂತರೂ ಬಿಡದ ನೋವು ಹೃದಯಾಘಾತ ಇರಬಹುದು. ಆಗ ಕೈಪಿಡಿ ಓದುತ್ತಾ ಕೂರಬಾರದು, ತಕ್ಷಣ ಆಂಬುಲೆನ್ಸ್ ಕರೆಸಬೇಕು. ನಿಮ್ಮ ಪದ ಅಂಥವರನ್ನೇ ಮನೆಯಲ್ಲಿ ಕೂರಿಸುತ್ತದೆ.

‘ಬೆರೆಸಿ’ಯೂ ಬೇಡ. ಎರಡನ್ನೂ ಪುಡಿ ಮಾಡಿ ಕಲಸಿ ಕುಡಿಯುವವರಿದ್ದಾರೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ.

ಗ.ನಾ.:
‘ಆರೋಗ್ಯ ಸ್ಥಿರವಾಗಿದೆ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಯಾರೂ ತಪ್ಪು ತಿಳಿದಿಲ್ಲ.

ಡಾ. ಪ.:
ಅಲ್ಲಿ ನಿಂತಿರುವುದು ಆರೋಗ್ಯ. ಇಲ್ಲಿ ನಿಮ್ಮ ವಿಶೇಷಣ ಹೋಗಿ ಕೂರುವುದು ನೋವಿನ ಮೇಲೆ. ವ್ಯಾಕರಣ ನಿಮಗೆ ನಾನು ಹೇಳಬೇಕಾ ಸಾರ್?

ಚೆ.:
ಮೊದಲು ‘ಔಶದ’, ‘ಮಾತ್ರೆ’ ಎರಡನ್ನೂ ಬಿಡಿ, ಸಂಸ್ಕ್ರುತದವು. ‘ಮದ್ದು’, ‘ಗುಳಿಗೆ’ ಇವೆ. ಬೀಟಾ ಬ್ಲಾಕರ್‌ಗೆ ‘ಬೀಟಾತಡೆ’, ಅಮ್ಲೋಡಿಪಿನ್ ಸೇರುವ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಗುಂಪಿಗೆ ‘ಸುಣ್ಣಗಾಲುವೆತಡೆ’. ಎಲ್ಲದಕ್ಕೂ ಕಯ್ಯೊಡ್ಡಿದರೆ ಕನ್ನಡ ಉಳಿಯದು.

ಎಂ.ಕೆ.:
‘ಗುಳಿಗೆ’ ಸಂಸ್ಕೃತ ‘ಗುಳಿಕಾ’ದ ತದ್ಭವ. ‘ಮದ್ದು’ ಬಂದೂಕಿನದೂ ಹೌದು. ‘ವೈದ್ಯರು ಇನ್ನೊಂದು ಮದ್ದು ಹಾಕಿದರು’ ಅಂತ ಬರೆದು ನೋಡಿ, ಪೊಲೀಸರು ಬರುತ್ತಾರೆ.

ಗ.ನಾ.:
ಪ್ರಾಣದ ವಿಷಯ. ಇಲ್ಲಾದರೂ ಮಹಾಪ್ರಾಣ ಬಿಡಬೇಡಿ.

ಡಾ. ಪ.:
ಔಷಧದ ಹೆಸರು ಚೀಟಿಯಲ್ಲಿ, ಮಾತ್ರೆಯ ಹಾಳೆಯ ಮೇಲೆ ಹೇಗಿದೆಯೋ ಹಾಗೇ ಇರಲಿ. ನಿಮ್ಮ ಸುಣ್ಣಗಾಲುವೆತಡೆ ಗುಂಪಿನಲ್ಲಿ ಅಮ್ಲೋಡಿಪಿನ್ನೂ ಇದೆ, ವೆರಾಪಮಿಲ್ಲೂ ಇದೆ. ಬೀಟಾ ಬ್ಲಾಕರ್ ಜೊತೆ ಅಮ್ಲೋಡಿಪಿನ್ ಸಾಮಾನ್ಯವಾಗಿ ನಡೆಯುತ್ತದೆ. ವೆರಾಪಮಿಲ್ ಸೇರಿಸಿದರೆ ಹೃದಯದ ಬಡಿತ ಅಪಾಯವಾಗುವಷ್ಟು ಇಳಿಯಬಹುದು. ರೋಗಿಗೆ ಬೇಕಾದ್ದು ಆ ಹೆಸರು, ನಿಮ್ಮ ಕಾಲುವೆ ಅಲ್ಲ.

ಚೆ.:
ಹೀಗೆ ಹೇಳಿಕೊಂಡೇ ಅರ್ದ ನುಡಿ ಹೋಯಿತು.

ವಿ.ಎಸ್.:
ಐದು ಗಂಟೆಯಾಯಿತು. ಕೊನೆಯದೊಂದು: ನೈಟ್ರೇಟ್ ಮಾತ್ರೆಯ (ರಕ್ತನಾಳ ಹಿಗ್ಗಿಸುವಂಥದು) ‘ಟಾಲರೆನ್ಸ್’ಗೆ ‘ಸಹಿಷ್ಣುತೆ’ ಅಂತ ಹಾಕಿದ್ದೇನೆ.

ಡಾ. ಪ.:
ಅಯ್ಯೋ. ಸಹಿಷ್ಣುತೆ ಒಳ್ಳೇ ಗುಣದ ಹಾಗೆ ಕೇಳುತ್ತದೆ! ಮೈ ಒಗ್ಗಿಹೋಗುತ್ತದೆ, ಮಾತ್ರೆ ನಾಟುವುದಿಲ್ಲ, ಅಷ್ಟೇ. ಅದಕ್ಕೇ ದಿನದಲ್ಲಿ 10ರಿಂದ 14 ಗಂಟೆ ಬಿಡುವು ಬರುವ ಹಾಗೆ ಕೊಡುವುದು. ‘ಬಿಡುವು’ ಅಂತಲೇ ಬರೆಯಿರಿ. ಆದರೆ ‘ವೈದ್ಯರು ಹೇಳಿದ ಹೊತ್ತಿನಲ್ಲಿ’ ಅಂತ ಸೇರಿಸಿ. ಇಲ್ಲದಿದ್ದರೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ.

ವಿ.ಎಸ್.:
ಸರಿ, ಹೀಗೆ ಕಳಿಸುತ್ತಿದ್ದೇನೆ: “ದಣಿದಾಗ ಬಂದು, ಕೂತರೆ ಹೋಗುವ ಎದೆಬಿಗಿತ (ಸ್ಟೇಬಲ್ ಆಂಜೈನಾ). ಒಂದು ಮಾತ್ರೆ ತೆಗೆದುಕೊಂಡರೂ ಅದು ಬರುತ್ತಲೇ ಇದ್ದರೆ, ವೈದ್ಯರು ಅದರ ಜೊತೆಗೆ ಇನ್ನೊಂದು ಮಾತ್ರೆ ಕೊಡಬಹುದು. ನೀವಾಗಿ ಸೇರಿಸಬೇಡಿ, ನೀವಾಗಿ ನಿಲ್ಲಿಸಬೇಡಿ.” ಎಂ.ಕೆ. ಅವರಿಗೂ ಡಾಕ್ಟರಿಗೂ ತುಂಬಾ ಥ್ಯಾಂಕ್ಸ್.

ಗ.ನಾ.:
‘ಎದೆಬಿಗಿತ’ಕ್ಕೆ ನನ್ನ ಆಕ್ಷೇಪವಿಲ್ಲ. ‘ಆಂಜೈನಾ’ಕ್ಕೆ ದೀರ್ಘ ಏಕೆ? ಮೂಲದಲ್ಲಿ ಹ್ರಸ್ವ.

ತಿ.ರಾ.:
ನೋಡಿ, ಹ್ರಸ್ವ ಮಾಡಿದರೆ ‘ಅಂಜೈನಾ’. ಅಂಜು!